"ಏನೂ ಆಗುವುದಿಲ್ಲ" ಎನ್ನುವುದನ್ನು ನಾನು ಬಿಟ್ಟದ್ದು

ದಕ್ಷಿಣ ಕೊಡಗಿನ ತೋಟಗಳ ಲೈನ್ ಮನೆಗಳಿಗೆ, ಅಂದರೆ ಕೂಲಿಕಾರರ ಸಾಲುಮನೆಗಳಿಗೆ, ಲಸಿಕೆ ಪೆಟ್ಟಿಗೆ ಹೊತ್ತು ತಿರುಗುವ ಆರೋಗ್ಯ ಸಹಾಯಕಿಯಾದ ನನಗೆ ಹೆಚ್ಚು ಕಲಿಸಿದ್ದು 2017ರ ಫೆಬ್ರವರಿ. ಒಂಬತ್ತು ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆಲ್ಲ ದಡಾರ–ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ಆಗ ರಾಜ್ಯದಲ್ಲಿ ಆರಂಭವಾಗಿತ್ತು. ಇದು ಮುಂದೆ ಮಕ್ಕಳಾಗದಂತೆ ಮಾಡುವ ಸೂಜಿ ಎಂಬ ವಾಟ್ಸಾಪ್ ಸಂದೇಶ ನಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತು.

"ನಿಜವಾ ಸಿಸ್ಟರ್?" ಎಂದು ಒಬ್ಬ ತಾಯಿ ಕೇಳಿದಾಗ ನಾನು ನಕ್ಕುಬಿಟ್ಟೆ. ಆ ನಗುವಿಗೆ ಬಾಗಿಲುಗಳು ಮುಚ್ಚಿಕೊಂಡವು. ಹತ್ತು ಡೋಸಿನ ಸೀಸೆಯನ್ನು ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಅಂದು ಮೂರೇ ಮಕ್ಕಳಿಗೆ ಹಾಕಿ ಉಳಿದದ್ದನ್ನು ಎಸೆದೆ.

ಮರುದಿನ ಸಂಜೆ, ಕಣದಲ್ಲಿ ಕಾಫಿ ತೂಕ ಮುಗಿದ ಮೇಲೆ ಹೋಗಿ ಜಗಲಿಯಲ್ಲಿ ಸುಮ್ಮನೆ ಕುಳಿತೆ. ಹುಣಸೂರು ಕಡೆಯ ಅಜ್ಜಿಯೊಬ್ಬರು, ತುರ್ತು ಪರಿಸ್ಥಿತಿಯ ಕಾಲದಲ್ಲಿ ತಮ್ಮ ಮೈದುನನನ್ನು ಸಂತಾನಹರಣ ಆಪರೇಷನ್ ಕ್ಯಾಂಪಿಗೆ ಕರೆದೊಯ್ದದ್ದನ್ನು ಹೇಳಿದರು. ಮಕ್ಕಳಾಗದಂತೆ ಮಾಡುತ್ತಾರೆ ಎಂಬ ಭಯ ಆ ಮನೆಗೆ ಮೊಬೈಲಿನಿಂದ ಬಂದದ್ದಲ್ಲ. ಹಿಂದಿನ ದಿನ ಪ್ರಶ್ನೆ ಕೇಳಿದ್ದ ತಾಯಿಯದು ಇನ್ನೊಂದು ಲೆಕ್ಕ: ಮಗುವಿಗೆ ಐದು ರೋಗಗಳ ವಿರುದ್ಧದ ಪೆಂಟಾ ಸೂಜಿ ಹಾಕಿದಾಗ ಜ್ವರ ಬಂದು, ಆಕೆ ಎರಡು ದಿನ ಕಾಫಿ ಕೊಯ್ಯಲು ಹೋಗಲಾಗದೆ ಕೂಲಿ ಕಳೆದುಕೊಂಡಿದ್ದಳು. ಆಗಲೂ ನಾನು "ಏನೂ ಆಗುವುದಿಲ್ಲ" ಎಂದಿದ್ದೆ. ಒಮ್ಮೆ ಸುಳ್ಳಾದ ನನ್ನ ಮಾತಿಗಿಂತ ಊರಿನ ನೆಂಟರು ಕಳಿಸಿದ ಸಂದೇಶವನ್ನು ಆಕೆ ನಂಬಿದ್ದರಲ್ಲಿ ನನಗೆ ಈಗ ಆಶ್ಚರ್ಯವೇನೂ ಇಲ್ಲ.

ಸಂದೇಶ ಕಳಿಸಿದ ನೆಂಟರಿಗೆ ಅದರಿಂದ ಬಿಡಿಗಾಸೂ ಸಿಕ್ಕಿರಲಿಲ್ಲ. ಆದರೆ ಅದರ ಕೊನೆಯಲ್ಲಿ, ರೋಗನಿರೋಧಕ ಪುಡಿ ಮಾರುವವನ ಫೋನ್ ನಂಬರ್ ಇತ್ತು. ಈ ಲಸಿಕೆಯಿಂದ ಆಟಿಸಂ ಬರುತ್ತದೆ ಎಂದು ಅದೇ ಸಂದೇಶದಲ್ಲಿದ್ದ ಮಾತಿನ ಮೂಲವೂ ಅಂಥದ್ದೇ. ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ 1998ರಲ್ಲಿ 12 ಮಕ್ಕಳನ್ನು ಮುಂದಿಟ್ಟುಕೊಂಡು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ದಡಾರ–ಮಂಗನಬಾವು–ರುಬೆಲ್ಲಾ ಲಸಿಕೆಯ ಬಗ್ಗೆ ಆ ಅನುಮಾನ ಹುಟ್ಟಿಸುವ ಮೊದಲೇ, ಲಸಿಕೆ ತಯಾರಕರ ವಿರುದ್ಧ ಮೊಕದ್ದಮೆಗೆ ಸಿದ್ಧವಾಗುತ್ತಿದ್ದ ವಕೀಲರ ಜೊತೆ ಒಪ್ಪಂದ ಮಾಡಿಕೊಂಡಿದ್ದ. ಆ ಕೆಲಸಕ್ಕೆ ಅವನಿಗೆ ಸಂದ ಹಣ 4 ಲಕ್ಷ ಪೌಂಡಿಗೂ ಹೆಚ್ಚು. ತನ್ನದೇ ದಡಾರ ಲಸಿಕೆಯೊಂದಕ್ಕೆ 1997ರಲ್ಲೇ ಪೇಟೆಂಟ್ ಅರ್ಜಿಯನ್ನೂ ಹಾಕಿದ್ದ. 2010ರಲ್ಲಿ ಲ್ಯಾನ್ಸೆಟ್ ಆ ಲೇಖನವನ್ನು ಹಿಂತೆಗೆದುಕೊಂಡಿತು, ಅವನ ವೈದ್ಯ ನೋಂದಣಿಯೂ ರದ್ದಾಯಿತು.

ಇದನ್ನೆಲ್ಲ ನಾನು ಜಗಲಿಯಲ್ಲಿ ಹೇಳಲಿಲ್ಲ. ಕೆಲವು ಮಕ್ಕಳಿಗೆ ವಾರ ಕಳೆದ ಮೇಲೆ ಜ್ವರ ಬರಬಹುದು, ಬಂದರೆ ಫೋನ್ ಮಾಡಿ, ನಾನೇ ಬರುತ್ತೇನೆ ಎಂದಷ್ಟೇ ಹೇಳಿದೆ. ಅಜ್ಜಿ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಗುರುತಿನ ಶಾಯಿ ಹಾಕಲು ಅವನ ಎಡಗೈ ಹೆಬ್ಬೆರಳನ್ನು ತಾವೇ ಹಿಡಿದು ಕೊಟ್ಟರು. ಎರಡು ಮನೆಗಳವರು ಮಾತ್ರ ಕೊನೆಗೂ ಬರಲಿಲ್ಲ.