ಬ್ರಿಟಿಷ್ ಸೈನ್ಸ್ ಫಿಕ್ಷನ್ ಕಾಮಿಕ್ಸ್: ಎಲ್ಲಿಂದ ಓದಲು ಶುರು ಮಾಡಬೇಕು?

ಕಾಮಿಕ್ಸ್ ಮಾತು ಬಂದಾಗಲೆಲ್ಲ ಯಾರಾದರೂ ಕೇಳುವ ಪ್ರಶ್ನೆ ಇದು: "ಜಡ್ಜ್ ಡ್ರೆಡ್ ಹೆಸರು ಕೇಳಿದ್ದೀವಿ, ಸಿನಿಮಾನೂ ನೋಡಿದ್ದೀವಿ. ಆದರೆ ಈ ಬ್ರಿಟಿಷ್ ಸೈನ್ಸ್ ಫಿಕ್ಷನ್ ಕಾಮಿಕ್ಸ್‌ನಲ್ಲಿ ಅಂಥದ್ದೇನಿದೆ? ಓದೋದಾದ್ರೆ ಮೊದಲನೇ ಸಂಚಿಕೆಯಿಂದಲೇ ಶುರು ಮಾಡಬೇಕಾ?"

ಎರಡನೆಯದಕ್ಕೆ ಮೊದಲು ಉತ್ತರ: ಬೇಡ. ಆಲನ್ ಮೂರ್ ಬರೆದು ಇಯಾನ್ ಗಿಬ್ಸನ್ ಚಿತ್ರಿಸಿದ 'ದಿ ಬ್ಯಾಲಡ್ ಆಫ್ ಹೇಲೋ ಜೋನ್ಸ್' ಮೊದಲು ಓದಿ. ಆಮೇಲೆ ಜಡ್ಜ್ ಡ್ರೆಡ್‌ನ 'ಕಂಪ್ಲೀಟ್ ಕೇಸ್ ಫೈಲ್ಸ್' ಮಾಲಿಕೆಯ ಐದನೇ ಸಂಪುಟ ಹಿಡಿಯಿರಿ. ಎರಡೂ ಮೊದಲು ಬಂದದ್ದು '2000 ಎಡಿ' ಎಂಬ ವಾರಪತ್ರಿಕೆಯಲ್ಲಿ. ಯಾಕೆ ಇವೇ ಎರಡು ಎಂದು ತಿಳಿಯಲು ಇಂಥ ಪತ್ರಿಕೆಗಳು ಹೇಗೆ ತಯಾರಾಗುತ್ತಿದ್ದವು, ಯಾವ ಕಾಲದಲ್ಲಿ ಹುಟ್ಟಿದವು ಎಂಬುದು ಸ್ವಲ್ಪ ಗೊತ್ತಿರಬೇಕು.

ಅಮೆರಿಕದ ಸೂಪರ್‌ಹೀರೋ ಪುಸ್ತಕ ತಿಂಗಳಿಗೊಂದು. ಸಂಚಿಕೆ ತುಂಬ ಒಬ್ಬನೇ ನಾಯಕ, ಇಪ್ಪತ್ತು ಚಿಲ್ಲರೆ ಪುಟದ ಕತೆ. ಬ್ರಿಟನ್ನಿನದು ವಾರಪತ್ರಿಕೆ: ಹೆಚ್ಚಾಗಿ ಅಗ್ಗದ ನ್ಯೂಸ್‌ಪ್ರಿಂಟ್, ಒಂದೇ ಸಂಚಿಕೆಯಲ್ಲಿ ನಾಲ್ಕೈದು ಧಾರಾವಾಹಿ, ಒಂದೊಂದಕ್ಕೂ ಹೆಚ್ಚೆಂದರೆ ಐದಾರು ಪುಟ. ನಮ್ಮ ವಾರಪತ್ರಿಕೆಗಳ ಧಾರಾವಾಹಿಗೆ ಕಾದು ಕೂತವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಆ ಐದು ಪುಟದೊಳಗೆ ಹಿಂದಿನ ವಾರದ್ದನ್ನು ನೆನಪಿಸಬೇಕು, ಕತೆ ಒಂದು ಹೆಜ್ಜೆ ಮುಂದೆ ಹೋಗಬೇಕು, ಕೊನೆಯ ಪ್ಯಾನೆಲ್‌ನಲ್ಲಿ (ಚಿತ್ರದ ಚೌಕದಲ್ಲಿ) ಓದುಗ ತುದಿಗಾಲಲ್ಲಿ ನಿಲ್ಲಬೇಕು. ಒಂದು ಪ್ಯಾನೆಲ್ ದಂಡವಾದರೂ ವಾರ ದಂಡ. ಬ್ರಿಟಿಷ್ ಕಾಮಿಕ್ಸ್‌ನ ಬಿಗಿ ಬಂದದ್ದು ಈ ಇಕ್ಕಟ್ಟಿನಿಂದ. ಇನ್ನೊಂದು ಸಂಗತಿಯೂ ಇದೆ. ಇಲ್ಲಿನ ಭವಿಷ್ಯ ಎಷ್ಟೇ ದೂರದ್ದಾಗಿರಲಿ, ಅದರ ಕಚ್ಚಾವಸ್ತು ಆ ವಾರದ ಬ್ರಿಟನ್ನಿನ ಸಂಕಟವೇ.

'ಈಗಲ್' ವಾರಪತ್ರಿಕೆಯ ಬಾಹ್ಯಾಕಾಶ ನಾಯಕ ಡ್ಯಾನ್ ಡೇರ್‌ನನ್ನೇ ನೋಡಿ. ಲ್ಯಾಂಕಶೈರ್‌ನ ಸೌತ್‌ಪೋರ್ಟ್ ಕಡೆಯ ಪಾದ್ರಿ ಮಾರ್ಕಸ್ ಮಾರಿಸ್ ಅವರಿಗೆ ಅಮೆರಿಕದಿಂದ ಬರುತ್ತಿದ್ದ ಭಯಾನಕ ಕಾಮಿಕ್ಸ್ ಮಕ್ಕಳ ಕೈ ಸೇರುವುದು ಇಷ್ಟವಿರಲಿಲ್ಲ. ಬೈದು ಸುಮ್ಮನಾಗದೆ ಅದಕ್ಕಿಂತ ಚೆಂದದ ಪತ್ರಿಕೆ ತಾವೇ ತರಲು ಹೊರಟರು. ಚಿತ್ರಕಾರ ಫ್ರ್ಯಾಂಕ್ ಹ್ಯಾಂಪ್ಸನ್ ಜೊತೆಯಾದರು. ಹಲ್ಟನ್ ಪ್ರೆಸ್ ಮೂಲಕ 1950ರ ಏಪ್ರಿಲ್ 14ರಂದು 'ಈಗಲ್' ಹೊರಬಂತು. ಮೊದಲ ಸಂಚಿಕೆ ಸುಮಾರು 9 ಲಕ್ಷ ಪ್ರತಿ ಹೋಯಿತು. ಮೊದಲ ಯೋಜನೆಯಲ್ಲಿ ಡ್ಯಾನ್ ಡೇರ್ ಬಾಹ್ಯಾಕಾಶ ಪಡೆಯ ಪಾದ್ರಿ. ಅಚ್ಚಿಗೆ ಹೋಗುವ ಹೊತ್ತಿಗೆ ಪೈಲಟ್ ಆಗಿದ್ದ.

ಅವನು ಮೊದಲ ಕತೆಯಲ್ಲೇ ಶುಕ್ರಗ್ರಹಕ್ಕೆ ಹೊರಡುವುದು ಯಾಕೆ ಗೊತ್ತೆ? ಭೂಮಿಯಲ್ಲಿ ಊಟಕ್ಕೆ ತತ್ವಾರ. ಅದನ್ನು ಓದುತ್ತಿದ್ದ ಹುಡುಗರ ಮನೆಯಲ್ಲಿ ಯುದ್ಧಕಾಲದ ರೇಷನ್ ಇನ್ನೂ ಮುಗಿದಿರಲಿಲ್ಲ. ಮಿಠಾಯಿ ಬೇಕಾದಷ್ಟು ಕೊಳ್ಳುವಂತಾದದ್ದು 1953ರಲ್ಲಿ, ರೇಷನ್ ಪೂರ್ತಿ ಹೋದದ್ದು 1954ರಲ್ಲಿ. ಶುಕ್ರದ ಹಸಿರು ಮೈಯ ಟ್ರೀನ್‌ಗಳು, ಅವರನ್ನಾಳುವ ದೊಡ್ಡ ತಲೆಯ ಮೆಕಾನ್, ಎಲ್ಲ ಬರುವುದು ಆಮೇಲೆ. ಮೊದಲು ಬರುವುದು ಹೊಟ್ಟೆ.

ಹ್ಯಾಂಪ್ಸನ್ ಪುಟ ಕಟ್ಟುತ್ತಿದ್ದ ರೀತಿಯನ್ನು ಕೊಂಚ ಹತ್ತಿರದಿಂದ ನೋಡಬೇಕು. ಮೊದಲು ಬಣ್ಣದಲ್ಲೇ ಕರಡು, ಅದೇ ಅಚ್ಚಿಗೆ ಹೋಗಬಹುದಿತ್ತು ಅನ್ನುವಷ್ಟು ವಿವರವಾಗಿ. ನಂತರ ಆ ಕರಡಿನಲ್ಲಿದ್ದ ಭಂಗಿಗಳಲ್ಲಿ ಸ್ಟುಡಿಯೊದವರೇ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಡೇರ್‌ನ ಮೇಲಧಿಕಾರಿ ಸರ್ ಹ್ಯೂಬರ್ಟ್ ಪಾತ್ರಕ್ಕೆ ಹ್ಯಾಂಪ್ಸನ್ ಅವರ ತಂದೆ, ಪ್ರೊಫೆಸರ್ ಪೀಬಡಿಗೆ ಸಹಾಯಕ ಕಲಾವಿದೆ ಗ್ರೆಟಾ ಟಾಮ್ಲಿನ್‌ಸನ್ ಮಾದರಿ. ನೌಕೆಗಳಿಗೆ ಪುಟ್ಟ ಮಾದರಿಗಳಿದ್ದವು, ಹಾಗಾಗಿ ಯಾವ ಕೋನದಿಂದ ಬರೆದರೂ ನೌಕೆ ಅದೇ ನೌಕೆಯಾಗಿ ಕಾಣುತ್ತಿತ್ತು. ಮೊದಲ ದಿನಗಳಲ್ಲಿ ವಿಜ್ಞಾನದ ಸಲಹೆಗೆ ಸೈನ್ಸ್ ಫಿಕ್ಷನ್ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಇದ್ದರು. ಇಷ್ಟೆಲ್ಲ ವಾರಕ್ಕೆ ಎರಡು ಪುಟಕ್ಕೆ! ಇಂದಿಗೂ ಆ ಪುಟಗಳಲ್ಲಿ ನೆರಳು ತಪ್ಪಾದ ಕಡೆ ಬಿದ್ದಿಲ್ಲ, ಯಂತ್ರದ ಯಾವ ಭಾಗವೂ ಸುಮ್ಮನೆ ಅಂಟಿಸಿದಂತಿಲ್ಲ.

ಇದು ದುಬಾರಿ ವ್ಯವಸ್ಥೆ. 1959ರಲ್ಲಿ ಪತ್ರಿಕೆ ಬೇರೆ ಮಾಲೀಕರ ಕೈಗೆ ಹೋದಾಗ ಸ್ಟುಡಿಯೊ ಪದ್ಧತಿ ಮುರಿಯಿತು, ಹ್ಯಾಂಪ್ಸನ್ ಹೊರಬಂದರು. ತಾವೇ ಹುಟ್ಟಿಸಿದ ಪಾತ್ರದ ಹಕ್ಕು ಅವರದ್ದಾಗಿರಲಿಲ್ಲ. ಈ ಅನ್ಯಾಯ ಬ್ರಿಟಿಷ್ ಕಾಮಿಕ್ಸ್‌ನ ಚರಿತ್ರೆಯುದ್ದಕ್ಕೂ ಬರುತ್ತದೆ. 'ಟ್ರಿಗನ್ ಎಂಪೈರ್' ಎಂಬ ಧಾರಾವಾಹಿ 1965ರಲ್ಲಿ ಶುರುವಾಯಿತು. ರೋಮ್ ಸಾಮ್ರಾಜ್ಯಕ್ಕೆ ಜೆಟ್ ವಿಮಾನ ಕೊಟ್ಟಂಥ ಲೋಕ, ವಾರವಾರವೂ ಡಾನ್ ಲಾರೆನ್ಸ್ ಕುಂಚದಲ್ಲಿ ಬರೆದ ಬಣ್ಣದ ಪುಟ. ಯುರೋಪಿನ ಹಲವು ದೇಶಗಳಲ್ಲಿ ತಮ್ಮ ಚಿತ್ರಗಳು ಅಚ್ಚಾಗುತ್ತಿವೆ, ತಮಗೆ ಮಾತ್ರ ಅದರಿಂದ ಏನೂ ಬರುತ್ತಿಲ್ಲ ಎಂದು ತಿಳಿದಾಗ 1976ರಲ್ಲಿ ಅವರು ಕೈಬಿಟ್ಟರು. ಮುಂದೆ ಡಚ್ ಓದುಗರಿಗಾಗಿ 'ಸ್ಟಾರ್ಮ್' ಎಂಬ ಕಾಮಿಕ್ ಚಿತ್ರಿಸಿದರು.

ಅದೇ 1976ರಲ್ಲಿ ಐಪಿಸಿ ಎಂಬ ಪ್ರಕಾಶನ ಸಂಸ್ಥೆಯಲ್ಲಿ ಪ್ಯಾಟ್ ಮಿಲ್ಸ್ 'ಆ್ಯಕ್ಷನ್' ಎಂಬ ಹುಡುಗರ ವಾರಪತ್ರಿಕೆ ತಂದಿದ್ದರು. ಬೀದಿಜಗಳ, ಶಾರ್ಕ್, ಫುಟ್‌ಬಾಲ್ ಗಲಾಟೆ, ರಕ್ತ. ಹಿಂಸೆ ಮಿತಿಮೀರಿತು ಎಂದು ಪತ್ರಿಕೆಗಳಲ್ಲಿ, ಟಿವಿಯಲ್ಲಿ ಹುಯಿಲೆದ್ದು ಅಕ್ಟೋಬರ್‌ನಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಇಷ್ಟರಲ್ಲಿ ಉಪಸಂಪಾದಕ ಕೆಲ್ವಿನ್ ಗಾಸ್ನೆಲ್, ಸೈನ್ಸ್ ಫಿಕ್ಷನ್ ಸಿನಿಮಾಗಳ ಅಲೆ ಬರಲಿದೆ ಎಂಬ ಲೇಖನ ಓದಿ ಅಂಥದ್ದೇ ಕಾಮಿಕ್ ತರೋಣ ಎಂದು ಸೂಚಿಸಿದ್ದರು. ಮಿಲ್ಸ್ ಅದನ್ನು ಕಟ್ಟಿದರು. '2000 ಎಡಿ'ಯ ಮೊದಲ ಸಂಚಿಕೆಯ ಮೇಲಿನ ತಾರೀಖು 1977ರ ಫೆಬ್ರವರಿ 26, ಬೆಲೆ 8 ಪೆನ್ಸ್. ಸಂಚಿಕೆಗೆ ಅಲ್ಲಿ 'ಪ್ರಾಗ್' ಎನ್ನುತ್ತಾರೆ.

'ಆ್ಯಕ್ಷನ್'ನಲ್ಲಿ ಬೀದಿಯ ಹುಡುಗ ಮಾಡಿದರೆ ಗಲಾಟೆಯಾಗುತ್ತಿದ್ದುದನ್ನು ಇಲ್ಲಿ ರೋಬೋಟ್ ಮಾಡಿದರೆ ಯಾರೂ ಕೇಳುತ್ತಿರಲಿಲ್ಲ. ಮೊದಲ ಪ್ರಾಗ್‌ನ 'ಫ್ಲೆಶ್' ಕತೆಯಲ್ಲಿ ಭವಿಷ್ಯದ ಜನ ಮಾಂಸಕ್ಕಾಗಿ ಕಾಲದಲ್ಲಿ ಹಿಂದೆ ಹೋಗಿ ಡೈನೋಸಾರ್ ಮಂದೆ ಅಟ್ಟುತ್ತಾರೆ. ಮತ್ತೆ ಹೊಟ್ಟೆಯ ಪ್ರಶ್ನೆಯೇ, ಈ ಸಲ ದುರಾಸೆಯದ್ದು. ಐಪಿಸಿ ಅಲ್ಲಿಯವರೆಗೆ ಕಲಾವಿದರ ಹೆಸರು ಅಚ್ಚು ಹಾಕುತ್ತಿರಲಿಲ್ಲ. ಪತ್ರಿಕೆಯ ಚಿತ್ರಕಾರ ಕೆವಿನ್ ಓ'ನೀಲ್ ಕತೆಗಳಿಗೆ ಸಣ್ಣ ಹೆಸರುಪಟ್ಟಿ ಸೇರಿಸಿದರು. ಪತ್ರಿಕೆಯ ಸಂಪಾದಕ ಥಾರ್ಗ್ ಎಂಬ ಅನ್ಯಗ್ರಹದವನು, ಬರೆಯುವವರೆಲ್ಲ ಅವನ ರೋಬೋಟ್‌ಗಳು ಎಂಬ ಆಟದೊಳಗೆ ಆ ಹೆಸರುಗಳು ಸೇರಿಕೊಂಡವು. ಓದುಗರಿಗೆ ಯಾರು ಯಾರು ಎಂದು ಗೊತ್ತಾದದ್ದೇ ಹಾಗೆ. ಚಿತ್ರಕಾರರಾದ ಬ್ರಯಾನ್ ಬೋಲಂಡ್, ಡೇವ್ ಗಿಬನ್ಸ್, ಬರಹಗಾರ ಆಲನ್ ಮೂರ್ ಮುಂದೆ ಅಮೆರಿಕದ ಪ್ರಕಾಶಕರಿಗೆ ಕೆಲಸ ಮಾಡಿದ್ದಕ್ಕೂ ಇದು ದಾರಿಯಾಯಿತು.

ಜಡ್ಜ್ ಡ್ರೆಡ್ ಬಂದದ್ದು ಎರಡನೇ ಪ್ರಾಗ್‌ನಲ್ಲಿ. ಹುಟ್ಟಿಸಿದವರು ಜಾನ್ ವ್ಯಾಗ್ನರ್ ಮತ್ತು ಕಾರ್ಲೋಸ್ ಎಜ್ಕೆರಾ. ಎಜ್ಕೆರಾ ಫ್ರಾಂಕೊ ಆಳ್ವಿಕೆಯ ಸ್ಪೇನ್‌ನಲ್ಲಿ ಬೆಳೆದವರು. ಡ್ರೆಡ್‌ನ ಹೆಗಲ ಮೇಲೆ ಕೂತ ಹದ್ದು ಸುಮ್ಮನೆ ಅಲಂಕಾರಕ್ಕಲ್ಲ. ಪೊಲೀಸ್, ನ್ಯಾಯಾಧೀಶ, ಶಿಕ್ಷೆ ಕೊಡುವವ ಮೂರೂ ಒಬ್ಬನೇ ಆದರೆ ಊರು ಹೇಗಿರುತ್ತದೆ ಎಂಬುದೇ ಕತೆ. ಅವನನ್ನು ಮೆಚ್ಚಬೇಕಾದ ನಾಯಕ ಎಂದುಕೊಂಡು ಓದಿದರೆ ಎರಡೇ ಕತೆಗೆ ಕಸಿವಿಸಿಯಾಗುತ್ತದೆ. ಆ ಕಸಿವಿಸಿ ಬೇಕೆಂದೇ ಬರೆದದ್ದು. ಕಾಮಿಕ್‌ನಲ್ಲಿ ಎಂದೂ ಪೂರ್ತಿ ತೋರಿಸದ ಮುಖವನ್ನು 1995ರ ಸಿನಿಮಾದಲ್ಲಿ ಹೆಲ್ಮೆಟ್ ತೆಗೆದು ತೋರಿಸಿ, ಅವನನ್ನು ಮಾಮೂಲಿ ನಾಯಕನನ್ನಾಗಿ ಮಾಡಿದ್ದಕ್ಕೆ ಓದುಗರು ಸಿಟ್ಟಾದದ್ದೂ ಇದಕ್ಕೇ. 2012ರ ಸಿನಿಮಾ ಆ ತಪ್ಪು ಮಾಡಲಿಲ್ಲ.

ಮೊದಲನೇ ಸಂಪುಟ ಬೇಡ ಎಂದದ್ದಕ್ಕೆ ಕಾರಣ: ಆರಂಭದ ಕತೆಗಳಲ್ಲಿ ಬರಹಗಾರರು ಇನ್ನೂ ನಗರವನ್ನು ಹುಡುಕುತ್ತಿದ್ದಾರೆ. ಐದನೇ ಸಂಪುಟಕ್ಕೆ ಬರುವಾಗ ಡ್ರೆಡ್‌ನ ಊರು ಮೆಗಾಸಿಟಿ ಒನ್ ಪೂರ್ತಿ ಎದ್ದು ನಿಂತಿದೆ. 80 ಕೋಟಿ ಜನ, ಸಾವಿರಾರು ಮಂದಿ ತುಂಬಿದ ಗಗನಚುಂಬಿ ಬ್ಲಾಕ್‌ಗಳು, ಹೆಚ್ಚಿನವರಿಗೆ ಕೆಲಸವಿಲ್ಲ. 'ಬ್ಲಾಕ್ ಮೇನಿಯಾ'ದಲ್ಲಿ ಶತ್ರು ಗೂಢಚಾರ ನೀರಿಗೆ ಮದ್ದು ಬೆರೆಸುತ್ತಾನೆ, ಅಕ್ಕಪಕ್ಕದ ಬ್ಲಾಕ್‌ಗಳು ಒಂದರ ಮೇಲೊಂದು ಯುದ್ಧಕ್ಕೆ ಹೋಗುತ್ತವೆ. ಅದು ಬೆಳೆದು 1982ರ 'ಅಪೋಕ್ಯಾಲಿಪ್ಸ್ ವಾರ್' ಆಗುತ್ತದೆ. ವ್ಯಾಗ್ನರ್, ಅಲನ್ ಗ್ರಾಂಟ್ ಬರಹ. ಸುಮಾರು ಅರ್ಧ ವರ್ಷ ವಾರವಾರವೂ ಎಜ್ಕೆರಾ ಒಬ್ಬರದ್ದೇ ಚಿತ್ರ. ಅದು ಬರುತ್ತಿದ್ದಾಗಲೇ ಫಾಕ್‌ಲ್ಯಾಂಡ್ ಯುದ್ಧವೂ ನಡೆಯಿತು. ಕೊನೆಯಲ್ಲಿ ಡ್ರೆಡ್ ಶತ್ರುವಿನದೇ ಕ್ಷಿಪಣಿ ನೆಲೆ ಹಿಡಿದು, 50 ಕೋಟಿ ಜನರ ನಗರವನ್ನು ಗುಂಡಿ ಒತ್ತಿ ಅಳಿಸಿಹಾಕುತ್ತಾನೆ. ಹುಡುಗರ ಪತ್ರಿಕೆಯಲ್ಲಿ!

ಈ ಕತೆಯ ಬಲ ಅಲ್ಲಿಗೇ ನಿಲ್ಲುವುದಿಲ್ಲ. ಡ್ರೆಡ್ ಲೋಕದಲ್ಲಿ ನಮ್ಮ ಒಂದು ವರ್ಷಕ್ಕೆ ಒಂದು ವರ್ಷ. 1977ರಲ್ಲಿ ಕತೆ 2099ರಲ್ಲಿತ್ತು, 122 ವರ್ಷದ ಆ ಅಂತರ ಹಾಗೇ ನಡೆದುಬಂದಿದೆ. ಡ್ರೆಡ್‌ಗೂ ವಯಸ್ಸಾಗುತ್ತದೆ. 2011-12ರ 'ಡೇ ಆಫ್ ಕೇಯಾಸ್'ನಲ್ಲಿ ಆ ಅಳಿದ ನಗರದ ಬದುಕುಳಿದವರು ಸೇಡಿಗೆ ರೋಗಾಣು ಹರಡಿ ಮೆಗಾಸಿಟಿ ಒನ್ ಅನ್ನೇ ಬಹುಪಾಲು ಖಾಲಿ ಮಾಡುತ್ತಾರೆ. ಸುಮಾರು 30 ವರ್ಷದ ಹಿಂದೆ ಒತ್ತಿದ ಗುಂಡಿಗೆ ಉತ್ತರ, ಅದೇ ಬರಹಗಾರನಿಂದ. ಅಮೆರಿಕದ ಸೂಪರ್‌ಹೀರೋ ಕತೆಗಳಲ್ಲಿ ವಯಸ್ಸು ನಿಂತೇ ಇರುತ್ತದೆ, ಸತ್ತವರು ಎದ್ದು ಬರುತ್ತಾರೆ. ಇಲ್ಲಿ ಮಾಡಿದ್ದು ಉಳಿಯುತ್ತದೆ.

ಹೇಲೋ ಜೋನ್ಸ್‌ನಲ್ಲಿ ಇಂಥ ಅಬ್ಬರ ಇಲ್ಲ, ಅದಕ್ಕೇ ಮೊದಲು ಅದನ್ನು ಓದಿ ಎಂದದ್ದು. 1984ರಲ್ಲಿ ಶುರು, ಬ್ರಿಟನ್ನಿನಲ್ಲಿ ಆಗ ನಿರುದ್ಯೋಗಿಗಳು 30 ಲಕ್ಷ ದಾಟಿದ್ದರು. ಹೇಲೋ ಇರುವುದು ನಿರುದ್ಯೋಗಿಗಳನ್ನು ತುಂಬಿಟ್ಟಿರುವ ತೇಲುವ ಬಡಾವಣೆಯಲ್ಲಿ. ಅವಳು ಸೈನಿಕಳಲ್ಲ, ವಿಜ್ಞಾನಿಯಲ್ಲ. ಮೊದಲ ಭಾಗದ ದೊಡ್ಡ ಸಾಹಸ ಎಂದರೆ ಅಂಗಡಿಗೆ ಹೋಗಿ ಸಾಮಾನು ತರುವುದು. ಎರಡನೇ ಭಾಗದಲ್ಲಿ ಐಷಾರಾಮಿ ಅಂತರಿಕ್ಷ ಹಡಗಿನಲ್ಲಿ ಕೆಲಸಕ್ಕೆ ಸೇರುತ್ತಾಳೆ, ಮೂರನೆಯದರಲ್ಲಿ ಬೇರೆ ದಾರಿ ಕಾಣದೆ ಸೈನ್ಯಕ್ಕೆ. ಅಲ್ಲಿ ಮೋಆಬ್ ಎಂಬ ಗ್ರಹ: ಗುರುತ್ವ ಎಷ್ಟು ಹೆಚ್ಚೆಂದರೆ ಕಾಲವೇ ನಿಧಾನ. ಒಳಗೆ ಕೆಲವು ನಿಮಿಷ ಹೊಡೆದಾಡಿ ಹೊರಬಂದರೆ ಹೊರಗೆ ತಿಂಗಳುಗಳೇ ಕಳೆದಿವೆ. ಸಾಪೇಕ್ಷತೆಯನ್ನು ಇಷ್ಟು ನೋವಾಗುವಂತೆ ಹೇಳಿದ ಕಾಮಿಕ್ ಇನ್ನೊಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇನ್ನೂ ಭಾಗಗಳು ಬರಬೇಕಿತ್ತು. ಹಕ್ಕಿನ ವಿಷಯದಲ್ಲಿ ಮೂರ್ ಮತ್ತು ಪ್ರಕಾಶಕರಿಗೆ ಹೊಂದದೆ 1986ಕ್ಕೇ ನಿಂತಿತು.

ಇನ್ನು ಓದುವ ಕ್ರಮ. ಹೇಲೋ ಜೋನ್ಸ್‌ನ ಮೊದಲ ಇಪ್ಪತ್ತು ಪುಟ ಕಷ್ಟ. ಕಟ್ಟಿದ ಆಡುಮಾತು ಜಾಸ್ತಿ, ವಿವರಣೆ ಇಲ್ಲ. ಅರ್ಥವಾಗದ ಪದಕ್ಕೆ ನಿಲ್ಲಬೇಡಿ, ಮುಂದಿನ ಕಂತುಗಳಲ್ಲಿ ತಾನೇ ತಿಳಿಯುತ್ತದೆ. 2018ರಲ್ಲಿ ಬಣ್ಣ ತುಂಬಿದ ಮೂರು ಸಂಪುಟ ಬಂದಿವೆ, ಆದರೆ ಗಿಬ್ಸನ್ ಗೆರೆ ಎಳೆದದ್ದು ಕಪ್ಪು-ಬಿಳುಪಿಗೆ. ಆ ಆವೃತ್ತಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ.

ಡ್ರೆಡ್ ಸಂಪುಟವನ್ನು ಒಂದೇ ಕೂರಿಕೆಗೆ ಓದಬೇಡಿ. ವಾರ ಬಿಟ್ಟು ಬರುವ ಹುಡುಗನಿಗೆ ನೆನಪಿಸಲೆಂದು ಕಂತಿನ ಮೊದಲಲ್ಲಿ ಹಳೆಯದನ್ನು ಹೇಳಿರುತ್ತಾರೆ. ಸಾಲಾಗಿ ಓದಿದರೆ ಅದೇ ಮಾತು ಮತ್ತೆ ಮತ್ತೆ ಬಂದು ಬೇಸರವಾಗುತ್ತದೆ. ದಿನಕ್ಕೆ ಮೂರ್ನಾಲ್ಕು ಕಂತು ಹದ. ಮೂಲ ಪ್ರಾಗ್‌ನಲ್ಲಿ ನಡುವಿನ ಜೋಡಿಪುಟಕ್ಕೆ ಬಣ್ಣವಿತ್ತು. ಕೇಸ್ ಫೈಲ್ಸ್‌ನ ಆರಂಭದ ಸಂಪುಟಗಳಲ್ಲಿ ಅದನ್ನು ಕಪ್ಪು-ಬಿಳುಪಿಗೆ ಇಳಿಸಿದ್ದರಿಂದ ಆ ಪುಟಗಳು ಮಸಿ ಮೆತ್ತಿದಂತೆ ಕಾಣುತ್ತವೆ, ದಪ್ಪ ಪುಸ್ತಕದ ಬೆನ್ನಿನೊಳಗೆ ನಡುಭಾಗ ಮುಚ್ಚಿಹೋಗುತ್ತದೆ. ಅದು ಕಲಾವಿದರ ತಪ್ಪಲ್ಲ. ಡ್ರೆಡ್‌ನ ಹಳೆಯ ಧಾರಾವಾಹಿ 'ದಿ ಕರ್ಸ್ಡ್ ಅರ್ತ್' ಓದುವುದಾದರೆ 2016ರ 'ಅನ್‌ಸೆನ್ಸರ್ಡ್' ಆವೃತ್ತಿಯೇ ಬೇಕು. ಬರ್ಗರ್ ಕಂಪನಿಗಳನ್ನು ಲೇವಡಿ ಮಾಡಿದ ಕಂತುಗಳನ್ನು ಕಾನೂನಿನ ಭಯಕ್ಕೆ ಹಿಂದಿನ ಮರುಮುದ್ರಣಗಳಿಂದ ತೆಗೆದಿದ್ದರು. ಬ್ರಿಟನ್ನಿನಲ್ಲಿ ಅಣಕಕ್ಕೆ ಅನುಮತಿಸುವ ಕಾನೂನು ಬಂದ ಮೇಲೆ ಅವು ಮತ್ತೆ ಸೇರಿದವು.

ಡ್ಯಾನ್ ಡೇರ್‌ಗೆ ಬೆಂಗಳೂರಿನ ನಂಟೂ ಒಂದಿದೆ. 2007-08ರಲ್ಲಿ ಗಾರ್ತ್ ಎನ್ನಿಸ್ ಬರೆದ ಹೊಸ ಡ್ಯಾನ್ ಡೇರ್ ಪ್ರಕಟಿಸಿದ್ದು ಬೆಂಗಳೂರಿನಲ್ಲಿ ಸ್ಟುಡಿಯೊ ಇಟ್ಟಿದ್ದ ವರ್ಜಿನ್ ಕಾಮಿಕ್ಸ್. ಏಳು ಸಂಚಿಕೆ, ಗಂಭೀರ ಬರಹ. ವಯಸ್ಸಾದ ಡೇರ್‌ನನ್ನು ಅಣಕಿಸದೆ ಗೌರವದಿಂದ ಬರೆದಿದ್ದಾರೆ.

2000 ಎಡಿ ಈಗ ಆಕ್ಸ್‌ಫರ್ಡ್‌ನ ರೆಬೆಲಿಯನ್ ಎಂಬ ವಿಡಿಯೊಗೇಮ್ ಕಂಪನಿಯದು, 2000ನೇ ಇಸವಿಯಿಂದ. ಹಳೆಯ ಐಪಿಸಿ ಕಾಮಿಕ್ಸ್ ಭಂಡಾರವನ್ನೂ ಅವರೇ ಕೊಂಡು ಮರುಮುದ್ರಿಸುತ್ತಿದ್ದಾರೆ. ಪ್ರತಿ ಬುಧವಾರ ಹೊಸ ಪ್ರಾಗ್ ಬರುತ್ತದೆ. ಅಂಚೆ ಖರ್ಚು ಪುಸ್ತಕದ ಬೆಲೆಯನ್ನೇ ಮೀರಬಹುದಾದ್ದರಿಂದ ನಮ್ಮಲ್ಲಿ ಡಿಜಿಟಲ್ ಪ್ರತಿಯೇ ಅನುಕೂಲ. ಲಾಕ್ ಇಲ್ಲದ ಪಿಡಿಎಫ್ ಅಥವಾ ಸಿಬಿಝಡ್ (ಕಾಮಿಕ್ಸ್‌ಗೆ ಬಳಸುವ ಫೈಲ್ ಬಗೆ) ಸಿಗುತ್ತದೆ. ಫೋನಿನಲ್ಲಿ ಓದಬೇಡಿ. ಪುಟಕ್ಕೆ ಏಳೆಂಟು ಪ್ಯಾನೆಲ್, ಅಕ್ಷರ ಸಣ್ಣದು. ಕನಿಷ್ಠ 10 ಇಂಚಿನ ಟ್ಯಾಬ್ಲೆಟ್ ಬೇಕು. ಜೋಡಿಪುಟ ಬಂದಾಗ ಅಡ್ಡ ಹಿಡಿದು ಎರಡು ಪುಟ ಒಟ್ಟಿಗೆ ತೋರಿಸುವ ಸೆಟ್ಟಿಂಗ್ ಹಾಕಿ, ಮುಖಪುಟ ಪ್ರತ್ಯೇಕ ಎಂದು ಗುರುತು ಮಾಡಿ. ಇಲ್ಲದಿದ್ದರೆ ಜೋಡಿಗಳು ಒಂದು ಪುಟ ಸರಿದು, ಎಡ ಅರ್ಧ ಒಂದು ಕಡೆ ಬಲ ಅರ್ಧ ಇನ್ನೊಂದು ಕಡೆ ಬೀಳುತ್ತವೆ.

ಹಳೆಯ ಪ್ರಾಗ್‌ಗಳನ್ನೇ ಕೊಂಡು ಕೂಡಿಡುವವರು ಕಾಗದದ ಸ್ವಭಾವ ತಿಳಿದಿರಬೇಕು. ಲಿಗ್ನಿನ್ ಎಂಬ ಮರದ ಅಂಶ ಉಳಿದಿರುವುದರಿಂದ ನ್ಯೂಸ್‌ಪ್ರಿಂಟ್ ಬೆಳಕು, ಗಾಳಿಗೆ ಹಳದಿಯಾಗಿ ಪುಡಿಯಾಗುತ್ತದೆ. ಕರಾವಳಿಯ ತೇವಕ್ಕೆ ಪಿನ್ನು ತುಕ್ಕು ಹಿಡಿದು ನಡುಪುಟವನ್ನೇ ತಿನ್ನುತ್ತದೆ. ಪಾಲಿಪ್ರೊಪಿಲೀನ್ ಕವರ್, ಹಿಂದೆ ಆಮ್ಲರಹಿತ ರಟ್ಟು, ಡಬ್ಬದಲ್ಲಿ ಸಿಲಿಕಾ ಜೆಲ್. ಸಾಮಾನ್ಯ ರಟ್ಟು ಇಟ್ಟರೆ ಅದರ ಆಮ್ಲವೇ ಕಾಗದಕ್ಕೆ ಇಳಿಯುತ್ತದೆ.