ಕೊವೆಂಟ್ರಿಯ ಕಾರು, ಮಲ್ಲೇಶ್ವರದ ಅಟ್ಟ

ನಾನಿರುವ ಊರು ಕೊವೆಂಟ್ರಿ, ಇಂಗ್ಲೆಂಡಿನ ಮಧ್ಯಭಾಗದಲ್ಲಿದೆ. ಇಲ್ಲಿಗೆ ಬಂದು 11 ವರ್ಷವಾಯಿತು. ಕೆಲಸಕ್ಕೆ ಹೋಗುವಾಗ ದಿನವೂ ಕ್ಯಾನ್ಲಿ ಎಂಬ ಬಡಾವಣೆ ದಾಟುತ್ತೇನೆ. ಒಂದು ಕಾಲಕ್ಕೆ ಅಲ್ಲಿ ಸ್ಟ್ಯಾಂಡರ್ಡ್-ಟ್ರಯಂಫ್ ಕಾರ್ಖಾನೆ ಇತ್ತು. 1980ರಲ್ಲಿ ಅಲ್ಲಿ ಕಾರು ಜೋಡಿಸುವುದು ನಿಂತಿತು. ಆದರೂ ಆ ತಿರುವು ಬಂದಾಗಲೆಲ್ಲ ನನಗೆ ಮಲ್ಲೇಶ್ವರ ನೆನಪಾಗುತ್ತದೆ. ನಮ್ಮ ಮನೆಯ ಶೆಡ್ಡಿನಲ್ಲಿರುವ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಇದೇ ಊರು ತವರು.

ಟ್ರಯಂಫ್ ಹೆರಾಲ್ಡ್ 1959ರಲ್ಲಿ ಬಂತು. ಅದಕ್ಕೆ ರೂಪ ಕೊಟ್ಟವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. 1961ರಲ್ಲಿ ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿ ಅದನ್ನೇ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸತೊಡಗಿತು. 948 ಸಿಸಿಯ ಪುಟ್ಟ ಎಂಜಿನ್. ಬಾನೆಟ್ಟು ಮಡ್‌ಗಾರ್ಡ್ ಸಮೇತ ಇಡಿಯಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತದೆ. ಚಿಕ್ಕವನಿದ್ದಾಗ ಅದನ್ನು ನೋಡುವುದೇ ನನಗೊಂದು ಸಂಭ್ರಮ.

ನಮ್ಮದು 1970ರ ಕಾರು. ನಾಲ್ಕು ಬಾಗಿಲಿನದು. ಈ ನಾಲ್ಕು ಬಾಗಿಲಿನ ಹೆರಾಲ್ಡ್ ತಯಾರಾದದ್ದು ನಮ್ಮ ದೇಶದಲ್ಲಿ ಮಾತ್ರ. ಕೊವೆಂಟ್ರಿಯಲ್ಲಿ ಫೋಟೋ ತೋರಿಸಿದರೆ ಹಳೆ ಕಾರುಗಳ ಬಗ್ಗೆ ಬಲ್ಲವರೂ ಒಂದು ಕ್ಷಣ ನಿಂತು ನೋಡುತ್ತಾರೆ. ನನ್ನ ಕಷ್ಟ ಶುರುವಾದದ್ದೂ ಅಲ್ಲಿಂದಲೇ.

ಎಂಜಿನ್ ಕೆಲಸವನ್ನು ಅಪ್ಪ ಮತ್ತು ಭಾವ ಸೇರಿ ಎರಡು ವರ್ಷದ ಹಿಂದೆಯೇ ಮುಗಿಸಿದ್ದರು. ಕಾರು ಓಡುತ್ತಿತ್ತು. ಆದರೆ ಒಳಗೆ ಕೂರುವ ಹಾಗಿರಲಿಲ್ಲ. ಸೀಟಿನ ರೆಕ್ಸಿನ್ ಸೀಳಿತ್ತು. ರೂಫ್ ಲೈನಿಂಗ್ ಜೋತುಬಿದ್ದು ತಲೆಗೆ ತಾಗುತ್ತಿತ್ತು. ಬಾಗಿಲಿನ ಒಳಗಡೆಯ ಡೋರ್ ಪ್ಯಾಡ್‌ಗಳು, ಅಂದರೆ ರೆಕ್ಸಿನ್ ಹೊದಿಸಿದ ಹಲಗೆಗಳು, ನೀರು ಕುಡಿದು ಹಪ್ಪಳದಂತೆ ಬಾಗಿದ್ದವು. ಅಪ್ಪನಿಗೆ ಈಗ 82 ವರ್ಷ. 'ಓಡಿಸೋದು ಸಾಕು, ಒಂದ್ಸಲ ಹಿಂದಿನ ಸೀಟಲ್ಲಿ ಆರಾಮಾಗಿ ಕೂತ್ಕೊಂಡು ಹೋಗ್ಬೇಕು' ಎಂದು ಫೋನಿನಲ್ಲಿ ಹೇಳಿದರು. ಆ ಮಾತು ನನ್ನನ್ನು ಬಿಡಲಿಲ್ಲ.

ಇಲ್ಲಿ ಇಂಗ್ಲೆಂಡಿನಲ್ಲಿ ಕೂಲಿ ತುಂಬಾ ದುಬಾರಿ. ಹಾಗಾಗಿ ಜನ ಮನೆಯ ಗ್ಯಾರೇಜಿನಲ್ಲೇ ಇಂಥ ಕೆಲಸ ಕಲಿಯುತ್ತಾರೆ. ನಮ್ಮ ಬೀದಿಯ ಹಿರಿಯರೊಬ್ಬರ ಹತ್ತಿರ ಎರಡು ಬಾಗಿಲಿನ ಹೆರಾಲ್ಡ್ ಇದೆ. ಒಂದು ಚಳಿಗಾಲ ಪೂರ್ತಿ ಶನಿವಾರ ಶನಿವಾರ ಅವರಿಗೆ ಕೈಜೋಡಿಸಿದೆ. ಅವರು ಕಲಿಸಿದ ಮೊದಲ ಪಾಠ: ಬಿಚ್ಚುವ ಮುಂಚೆ ಫೋಟೋ ತೆಗೆ, ಪ್ರತಿ ಸ್ಕ್ರೂವನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿ ಹೆಸರು ಬರೆ. ಎರಡನೆಯದು: ಹೊಸದು ಕೂರುವ ತನಕ ಹಳೆಯದನ್ನು ಎಸೆಯಬೇಡ. ಮೊದಲನೆಯದನ್ನು ಚೆನ್ನಾಗಿ ಪಾಲಿಸಿದೆ. ಎರಡನೆಯದರ ಬೆಲೆ ಆಗ ಪೂರ್ತಿ ತಿಳಿದಿರಲಿಲ್ಲ, ಯಾಕೆಂದರೆ ಇಲ್ಲಿ ಟ್ರಯಂಫ್ ಹೆರಾಲ್ಡ್‌ಗೆ ಎಲ್ಲವೂ ರೆಡಿಮೇಡ್ ಸಿಗುತ್ತದೆ. ಸೀಟ್ ಕವರ್, ಕಾರ್ಪೆಟ್, ಡೋರ್ ಪ್ಯಾಡ್, ಬೀಡಿಂಗ್ ರಬ್ಬರ್, ಚಿಕ್ಕ ಕ್ಲಿಪ್ಪು ಕೂಡ.

ನಾನೂ ಒಂದು ಸೆಟ್ ಡೋರ್ ಪ್ಯಾಡ್ ಕೊಂಡು ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಇಟ್ಟುಕೊಂಡು ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಬಂದೆ. ಮೂರು ವಾರದ ರಜೆ. ಮರುದಿನ ಬೆಳಿಗ್ಗೆಯೇ ಶೆಡ್ಡಿಗೆ ಹೋಗಿ ಬಾಗಿಲಿಗೆ ಹಿಡಿದು ನೋಡಿದರೆ ಒಂದೂ ಕೂರಲಿಲ್ಲ. ಎರಡು ಬಾಗಿಲಿನ ಕಾರಿನಲ್ಲಿ ಬಾಗಿಲು ಉದ್ದ. ನಮ್ಮದರಲ್ಲಿ ಅದೇ ಜಾಗದಲ್ಲಿ ಎರಡು ಬಾಗಿಲು ಇರಬೇಕು, ಹಾಗಾಗಿ ಮುಂದಿನದೂ ಗಿಡ್ಡ. ಹಿಂದಿನ ಬಾಗಿಲಂತೂ ಚಕ್ರದ ಮೇಲೆ ಬರುವುದರಿಂದ ಅದರ ಆಕಾರವೇ ಬೇರೆ. ಸುಮ್ನೆ ಯೋಚಿಸಿದ್ದರೂ ಇದು ಹೊಳೆಯಬೇಕಿತ್ತು. ತುಂಬಾ ಬೇಸರವಾಯಿತು.

ಅಮ್ಮ ಕಾಫಿ ತಂದುಕೊಟ್ಟು ವಿಷಯ ಕೇಳಿದರು. 'ಬಾಗಿಲಿನ ಹಳೇ ಪ್ಯಾಡು ಅಟ್ಟದ ಮೇಲಿದೆ ಕಣೋ. ಹಿಂದೊಂದ್ಸಲ ರಿಪೇರಿ ಮಾಡ್ಸಿದಾಗ ತೆಗೆದಿದ್ರಲ್ಲ, ಅದು. ಎಸೀಬೇಕು ಅಂದ್ರು ನಿಮ್ಮಪ್ಪ. ನಾನೇ ಬಿಡ್ಲಿಲ್ಲ' ಎಂದರು. ಅಟ್ಟ ಹತ್ತಿ ಗೊಂಬೆ ಹಬ್ಬದ ಪೆಟ್ಟಿಗೆ ಸರಿಸಿ ನೋಡಿದೆ. ಹಳೆ ಪೇಪರಿನಲ್ಲಿ ಸುತ್ತಿದ ನಾಲ್ಕು ಹಾರ್ಡ್‌ಬೋರ್ಡ್ ಹಲಗೆಗಳು! ಒಣ ಜಾಗದಲ್ಲಿದ್ದದ್ದರಿಂದ ನೆಟ್ಟಗೇ ಇದ್ದವು. ಒಂದೆರಡು ಮೂಲೆ ಮಾತ್ರ ಇಲಿ ಕಡಿದಿತ್ತು.

ಅದನ್ನು ಹಿಡಿದುಕೊಂಡು ಜೆ.ಸಿ. ರಸ್ತೆಗೆ ಹೋದೆ. ಬೆಂಗಳೂರಿನಲ್ಲಿ ಕಾರಿನ ಒಳಗಿನ ಕೆಲಸ ಎಂದರೆ ಹಳಬರು ಮೊದಲು ಹೇಳುವುದು ಆ ರಸ್ತೆಯನ್ನೇ. ರವೀಂದ್ರ ಕಲಾಕ್ಷೇತ್ರ ದಾಟಿ ಮಿನರ್ವ ಸರ್ಕಲ್ ಕಡೆ ಹೋದರೆ ಸೀಟ್ ಕವರ್, ಮ್ಯಾಟ್, ಹಾರ್ನ್ ಅಂಗಡಿಗಳ ಸಾಲು. ಈಗ ಹೆಚ್ಚಿನವರ ಹತ್ತಿರ ಹೊಸ ಕಾರುಗಳಿಗೆ ಹೊಲಿದಿಟ್ಟ ಕವರ್‌ಗಳೇ ಇವೆ. ಎರಡು ಅಂಗಡಿಯಲ್ಲಿ ಹೆರಾಲ್ಡ್ ಎಂದಾಗ ತಲೆ ಅಲ್ಲಾಡಿಸಿದರು. ಮೂರನೆಯವರು ಒಳ ಓಣಿಯಲ್ಲಿದ್ದ ಒಬ್ಬ ಕುಷನ್ ಮೇಸ್ತ್ರಿಯ ಕಡೆಗೆ ಕಳಿಸಿದರು. ಅವರಿಗೆ ಅರವತ್ತೈದರ ಮೇಲಿರಬೇಕು. ಕಾರಿನ ಹೆಸರನ್ನು ಕೇಳಲೇ ಇಲ್ಲ. 'ಹಳೇದು ಇದ್ಯಾ ಸಾರ್?' ಎಂದಷ್ಟೇ ಕೇಳಿದರು. ಹಲಗೆ ಕೊಟ್ಟೆ. ತಿರುಗಿಸಿ ನೋಡಿ ನಕ್ಕರು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ದುಂಡಗೆ 'ಹಿಂದೆ ಎಡ' ಎಂದು ಕನ್ನಡದಲ್ಲಿ ಬರೆದಿತ್ತು. 'ಇದು ಕಂಪನಿ ಬೋರ್ಡಲ್ಲ ಸಾರ್. ನಮ್ಮೋರೇ ಯಾರೋ ಮಾಡಿರೋದು. ಒಳ್ಳೆ ಕೈ' ಎಂದರು.

ಅಂದರೆ ನಮಗಿಂತ ಮೊದಲು ಇದೇ ಊರಿನಲ್ಲಿ ಒಬ್ಬರು, ಕಂಪನಿಯ ಹಲಗೆಯನ್ನು ನೋಡಿ ಅದರಂತೆ ಕೊಯ್ದಿದ್ದಾರೆ. ಕಿಟಕಿ ತಿರುಗಿಸುವ ಹಿಡಿಯ ತೂತು, ಒಳ ಹ್ಯಾಂಡಲ್‌ನ ತೂತು, ಕ್ಲಿಪ್ ಕೂರುವ ಜಾಗ, ಎಲ್ಲ ಸರಿಯಾಗಿವೆ. ಅವರು ಯಾರು ಎಂದು ಅಪ್ಪನಿಗೂ ನೆನಪಿಲ್ಲ. ಅವರ ಕೈಬರಹ ಮಾತ್ರ ಉಳಿದಿದೆ. ಕೊವೆಂಟ್ರಿಯ ಯಾವ ಅಂಗಡಿಯಲ್ಲೂ ಸಿಗದ ಅಳತೆ ನಮ್ಮ ಅಟ್ಟದ ಮೇಲಿತ್ತು, ಅಲ್ವಾ?

ಮೇಸ್ತ್ರಿಯನ್ನು ಒಪ್ಪಿಸಿ ಹೊಲಿಗೆ ಅವರಿಗೆ ಬಿಟ್ಟೆ, ಬಿಚ್ಚುವುದು ಕೂರಿಸುವುದು ಮನೆಯಲ್ಲೇ ಎಂದಾಯಿತು. ಅವರು ನಾಲ್ಕು ಭಾನುವಾರ ಮನೆಗೂ ಬಂದರು, ಕೊನೆಯದು ನಾನು ಹೊರಟ ಮೇಲೆ.

ಮೊದಲು ಸೀಟು. ಹಳೆ ಕವರನ್ನು ಹರಿಯಬಾರದು. ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದಾಗಿ ಬಿಡಿಸಿ ತುಂಡುಗಳನ್ನು ಬೇರೆ ಮಾಡಬೇಕು. ಪ್ರತಿ ತುಂಡಿಗೂ ನಂಬರ್ ಹಾಕಿ, ಅದನ್ನು ಹೊಸ ರೆಕ್ಸಿನ್ ಮೇಲಿಟ್ಟು ಚಾಕ್‌ಪೀಸಿನಲ್ಲಿ ಗೀಚಬೇಕು. 50 ವರ್ಷ ಕೂತು ಕೂತು ಹಳೆಯದು ಹಿಗ್ಗಿರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಡುವಿನ ಉದ್ದುದ್ದ ನೆರಿಗೆಗಳ ಒಳಗೆ ತೆಳು ಫೋಮ್ ಇಟ್ಟು ಹೊಲಿಯುತ್ತಾರೆ. ಅಂಚಿಗೆ ಹುರಿ ಒಳಗಿಟ್ಟ ಪೈಪಿಂಗ್. ದಾರ ನೈಲಾನ್ ಅಥವಾ ಪಾಲಿಯೆಸ್ಟರ್ ಆಗಿರಬೇಕು, ಹತ್ತಿ ದಾರ ಬೆವರಿಗೆ, ತೇವಕ್ಕೆ ಕೊಳೆಯುತ್ತದೆ. ಹೊಲಿಗೆ ಒತ್ತಾಗಿದ್ದರೆ ಗಟ್ಟಿ ಎಂದು ನಾನು ಎಣಿಸಿದ್ದೆ. ಅದು ತಪ್ಪು. ರೆಕ್ಸಿನ್‌ನಲ್ಲಿ ತೂತುಗಳು ಹತ್ತಿರ ಹತ್ತಿರ ಬಿದ್ದರೆ ಅಂಚೆಚೀಟಿ ಹರಿದ ಹಾಗೆ ಅದೇ ಸಾಲಿನಲ್ಲಿ ಹರಿಯುತ್ತದೆ. ಮೇಸ್ತ್ರಿ ಹೊಲಿಗೆಗಳ ನಡುವೆ ನಾಲ್ಕೈದು ಮಿಲಿಮೀಟರ್ ಬಿಡುತ್ತಿದ್ದರು.

ಸೀಟಿನ ಒಳಗೆ ಹಿಂದೆ ಯಾರೋ ತೆಂಗಿನ ನಾರು ತುಂಬಿದ್ದರು. ಅದು ಪುಡಿಯಾಗಿ ನೆಲಕ್ಕೆ ಉದುರಿತ್ತು. ಅದರ ಬದಲು 40 ಡೆನ್ಸಿಟಿಯ ಒತ್ತಾದ ಫೋಮ್ ಹಾಕಿದೆವು. ಸ್ಪ್ರಿಂಗ್ ಇರುವ ಕಡೆ ಫೋಮ್ ನೇರವಾಗಿ ತಾಗಬಾರದು, ಕೊಯ್ದುಬಿಡುತ್ತದೆ. ನಡುವೆ ಗೋಣಿ ಬಟ್ಟೆ ಹಾಸಿದೆವು. ಇದನ್ನು ಕೊವೆಂಟ್ರಿಯಲ್ಲೂ ಹೀಗೇ ಮಾಡುತ್ತಾರೆ. ಅಲ್ಲಿಯ ಗೋಣಿಯೂ ಬಹುಪಾಲು ಭಾರತ, ಬಾಂಗ್ಲಾದೇಶದ ಸೆಣಬಿನದೇ ಎಂದು ಯೋಚಿಸಿದಾಗ ಖುಷಿಯಾಯಿತು.

ಕವರ್ ಎಳೆದು ಕೂರಿಸುವುದು ಬಿಸಿಲಿನ ಕೆಲಸ. ಚಳಿಯಲ್ಲಿ ರೆಕ್ಸಿನ್ ಹಲಗೆಯಂತೆ ಬಿಗಿಯಾಗುತ್ತದೆ. ಇಂಗ್ಲೆಂಡಿನ ಗ್ಯಾರೇಜಿನಲ್ಲಿ ಹೇರ್ ಡ್ರೈಯರ್ ಹಿಡಿದು ಇಂಚಿಂಚೇ ಬೆಚ್ಚಗೆ ಮಾಡಿದ್ದೆವು. ಮಲ್ಲೇಶ್ವರದಲ್ಲಿ ತಾರಸಿಯ ಮೇಲೆ ಅಮ್ಮ ಸಂಡಿಗೆ ಒಣಗಿಸಿದ್ದರು. ಅದರ ಪಕ್ಕದಲ್ಲೇ ಹಳೆ ಪಂಚೆ ಹಾಸಿ ಕವರ್‌ಗಳನ್ನು ಇಟ್ಟೆ. ಹದಿನೈದು ನಿಮಿಷದ ಏಪ್ರಿಲ್ ಬಿಸಿಲಿಗೆ ಬಟ್ಟೆಯಂತೆ ಮೆತ್ತಗಾದವು. ಓಡಿ ಕೆಳಗಿಳಿದು ಸೀಟಿಗೆ ಎಳೆದರೆ ಒಂದು ಸುಕ್ಕೂ ಇಲ್ಲ. ತಣ್ಣಗಾದ ಮೇಲೆ ಇನ್ನಷ್ಟು ಬಿಗಿಯಾಗಿ ಕೂತಿತು.

ರೂಫ್ ಲೈನಿಂಗ್ ಎಲ್ಲಕ್ಕಿಂತ ಜಾಸ್ತಿ ಸತಾಯಿಸಿತು. ಕಮಾನಿನಂತೆ ಬಾಗಿದ ತಂತಿಗಳು ಅದನ್ನು ಎತ್ತಿ ಹಿಡಿಯುತ್ತವೆ. ಒಂದೊಂದು ತಂತಿಯ ಉದ್ದವೂ ಬೇರೆ. ಬಿಚ್ಚುವಾಗಲೇ ಮುಂದಿನಿಂದ ಹಿಂದಕ್ಕೆ ನಂಬರ್ ಚೀಟಿ ಅಂಟಿಸಿದ್ದೆ, ಇಲ್ಲದಿದ್ದರೆ ಜೋಡಿಸಲು ಆಗುತ್ತಲೇ ಇರಲಿಲ್ಲ. ಲೈನಿಂಗನ್ನು ಮಧ್ಯದ ತಂತಿಯಿಂದ ಶುರುಮಾಡಿ ಮುಂದಕ್ಕೆ, ಹಿಂದಕ್ಕೆ ಎಳೆಯಬೇಕು, ಅಕ್ಕಪಕ್ಕ ಕೊನೆಗೆ. ಗೋಂದನ್ನು ಎರಡೂ ಬದಿಗೆ ತೆಳ್ಳಗೆ ಹಚ್ಚಿ, ಕೈಗೆ ಅಂಟದಷ್ಟು ಒಣಗಲು ಬಿಟ್ಟು ಆಮೇಲೆ ಒತ್ತಬೇಕು. ಬಿಸಿಲಿನಲ್ಲಿ ನಿಂತ ಕಾರಿನ ಛಾವಣಿ ಒಲೆಯಂತೆ ಕಾಯುತ್ತದೆ, ಬಿಸಿ ತಡೆಯುವ ಗೋಂದೇ ಬೇಕು. ಭಾವ ಒಂದು ಕಡೆ, ನಾನು ಒಂದು ಕಡೆ, ಕತ್ತು ಎತ್ತಿಕೊಂಡು ಒಂದು ಇಡೀ ದಿನ. ರಾತ್ರಿ ಕತ್ತಿಗೆ ಅಮ್ಮ ಎಣ್ಣೆ ಹಚ್ಚಿದರು.

ಡೋರ್ ಪ್ಯಾಡ್ ಮತ್ತೆ ಬಾಗದಂತೆ ಏನು ಮಾಡಬೇಕೆಂದೂ ಹೇಳಿಬಿಡುತ್ತೇನೆ, ಬೆಂಗಳೂರಿನ ಮಳೆಗೆ ಇದು ಮುಖ್ಯ. ಗಾಜಿನ ಸಂದಿಯಿಂದ ಬಾಗಿಲಿನ ಒಳಗೆ ನೀರು ಇಳಿದೇ ಇಳಿಯುತ್ತದೆ. ಅದು ಕೆಳಗಿನ ತೂತುಗಳಿಂದ ಹೊರಗೆ ಹೋಗಬೇಕು. ನಮ್ಮ ಕಾರಿನಲ್ಲಿ ಆ ತೂತುಗಳು ಮಣ್ಣು ತುಂಬಿ ಮುಚ್ಚಿದ್ದವು. ಒಳಗೆ ಇರಬೇಕಾದ ಪ್ಲಾಸ್ಟಿಕ್ ಹಾಳೆಯನ್ನು ಹಿಂದೊಮ್ಮೆ ಕೆಲಸ ಮಾಡಿದ ಗ್ಯಾರೇಜಿನವರು ತೆಗೆದು ಮತ್ತೆ ಹಾಕಿರಲಿಲ್ಲ. ತೂತುಗಳನ್ನು ಕಡ್ಡಿಯಿಂದ ಬಿಡಿಸಿ, ದಪ್ಪ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಹೊಸ ಹಲಗೆಯ ಹಿಂಬದಿಗೂ ಅಂಚಿಗೂ ಎರಡು ಸಲ ವಾರ್ನಿಷ್ ಬಳಿದೆವು. ಇಂಗ್ಲೆಂಡಿನಿಂದ ತಂದ ಪ್ಯಾಡ್‌ಗಳ ರೆಕ್ಸಿನ್ ಹಾಳಾಗಲಿಲ್ಲ. ಅದನ್ನು ಬಿಚ್ಚಿ ನಮ್ಮ ಹಲಗೆಗೆ ಕೊಯ್ದು ಹಚ್ಚಿದೆವು.

ಹೊರಗಿನ ಕ್ರೋಮ್ ಪಟ್ಟಿಗಳಿಗೆ ಚುಕ್ಕೆ ಚುಕ್ಕೆ ತುಕ್ಕು ಹಿಡಿದಿತ್ತು. ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುದ್ದೆ ಮಾಡಿ ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಮೇಲಿನ ತುಕ್ಕು ಹೋಗುತ್ತದೆ. ಲೇಪನವೇ ಎದ್ದುಬಂದಿದ್ದರೆ ಇದರಿಂದ ಪ್ರಯೋಜನವಿಲ್ಲ.

ಇಂಥ ಹಳೆ ಕಾರನ್ನು ವಿಂಟೇಜ್ ಎನ್ನುತ್ತಾರಲ್ಲ, ಆ ಪದದ ಬಗ್ಗೆ ಒಂದು ಮಾತು. ಇಂಗ್ಲೆಂಡಿನಲ್ಲಿ ವಿಂಟೇಜ್ ಎಂದರೆ 1919ರಿಂದ 1930ರ ನಡುವಿನ ಕಾರು. ಹೆರಾಲ್ಡನ್ನು ಹಾಗೆ ಕರೆದರೆ ತಕ್ಷಣ ತಿದ್ದುತ್ತಾರೆ, ಅವರಿಗೆ ಅದು ಕ್ಲಾಸಿಕ್. ನಮ್ಮಲ್ಲಿ 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಕಾರು ವಿಂಟೇಜ್. ಚಾಸಿ, ಬಾಡಿ, ಎಂಜಿನ್‌ಗಳನ್ನು ದೊಡ್ಡದಾಗಿ ಬದಲಾಯಿಸಿರಬಾರದು ಎಂಬ ಷರತ್ತಿದೆ. ಸೀಟು, ಲೈನಿಂಗ್ ವಿಷಯ ಆ ಷರತ್ತಿನಲ್ಲಿಲ್ಲ. ಹಾಗಂತ ಮನಸ್ಸಿಗೆ ಬಂದ ಬಣ್ಣ ಹಾಕುವುದು ನನಗೆ ಸರಿ ಕಾಣಲಿಲ್ಲ. ಬಿಸಿಲು ತಾಗದ ಮಡಿಕೆಯೊಳಗೆ ಹಳೆ ರೆಕ್ಸಿನ್‌ನ ನಿಜ ಬಣ್ಣ ಉಳಿದಿತ್ತು, ಒಣಗಿದ ರಕ್ತಚಂದನದಂಥ ಕೆಂಪು. ಆ ಚೂರನ್ನು ಹಿಡಿದು ಅದಕ್ಕೆ ಹೊಂದುವ ಬಣ್ಣ ಹುಡುಕಲು ಎರಡು ದಿನ ಅಂಗಡಿ ಅಂಗಡಿ ಅಲೆದೆ.

ನಾನು ಹೊರಡುವ ಹಿಂದಿನ ದಿನ ಅಪ್ಪ ಹಿಂದಿನ ಸೀಟಿನಲ್ಲಿ ಕೂತರು. ಭಾವ ಓಡಿಸಿದರು. ಸಂಪಿಗೆ ರಸ್ತೆಯಲ್ಲಿ ಜನ ಜಾಸ್ತಿ, ಮೆಲ್ಲಗೆ ಹೋದೆವು. ಅಪ್ಪ ಏನೂ ಮಾತಾಡಲಿಲ್ಲ. ಬಾಗಿಲಿನ ಪ್ಯಾಡ್ ಮೇಲೆ ಕೈ ಇಟ್ಟುಕೊಂಡೇ ಇದ್ದರು. ಬಲಗಡೆಯ ಹಿಂದಿನ ಪ್ಯಾಡ್ ಇನ್ನೂ ಬಂದಿರಲಿಲ್ಲ, ಅಲ್ಲಿ ಬರೀ ಪ್ಲಾಸ್ಟಿಕ್ ಹಾಳೆ ಗಾಳಿಗೆ ಪಟಪಟ ಎನ್ನುತ್ತಿತ್ತು.

ಮುಂದಿನ ಭಾನುವಾರ ಮೇಸ್ತ್ರಿ ಬಂದು ಅದನ್ನೂ ಕೂರಿಸಿದರಂತೆ. ಅಮ್ಮ ವಿಡಿಯೋ ಕಾಲ್ ಮಾಡಿದ್ದರು. ಹಾಕುವ ಮುಂಚೆ ಹಲಗೆಯ ಹಿಂಬದಿ ತೋರಿಸಿ ಎಂದೆ. ಮೇಸ್ತ್ರಿ ಅಮ್ಮನಿಂದ ಪೆನ್ಸಿಲ್ ಇಸಿದುಕೊಂಡು 'ಹಿಂದೆ ಬಲ' ಎಂದು ಬರೆದು, ಕೆಳಗೆ ಇಸವಿ ಹಾಕಿ, ಆಮೇಲೆ ಕ್ಲಿಪ್ ಒತ್ತಿದರು. ಹಳೆ ಹಲಗೆಗಳನ್ನು ಅಮ್ಮ ಹೊಸ ಪೇಪರಿನಲ್ಲಿ ಸುತ್ತಿ ಮತ್ತೆ ಅಟ್ಟಕ್ಕೆ ಹಾಕಿಸಿದ್ದಾರೆ. ಡ್ಯಾಶ್‌ಬೋರ್ಡ್ ಕೆಲಸ ಡಿಸೆಂಬರ್‌ಗೆ ಇದೆ.