ದೀಪಾವಳಿಯಿಂದ ಪತ್ತನಾಜೆಯವರೆಗೆ ಒಂದು ಪತ್ರಿಕೆಯ ಲೆಕ್ಕ

ನವೆಂಬರ್, ಮೊದಲ ವಾರ

ಹಬ್ಬಕ್ಕೆ ಬೆಂಗಳೂರಿನಿಂದ ಬಂದಿದ್ದ ಮಗ, ಮಧ್ಯಾಹ್ನವಾದರೂ ಜಗಲಿಯಲ್ಲಿ ಮಡಿಕೆ ಬಿಚ್ಚದೆ ಬಿದ್ದಿದ್ದ ಪತ್ರಿಕೆಯನ್ನು ನೋಡಿ, "ಅಪ್ಪ, ಇದರಲ್ಲಿರುವುದೆಲ್ಲ ನಿನ್ನೆಯೇ ಮೊಬೈಲಿಗೆ ಬಂದಿರುತ್ತದಲ್ಲ, ಸುಮ್ಮನೆ ಯಾಕೆ ದುಡ್ಡು?" ಎಂದು ಕೇಳಿದ. ಮೂವತ್ತು ವರ್ಷಗಳಿಂದ ತರಿಸುತ್ತಿರುವ ಪತ್ರಿಕೆಗೆ ಒಂದು ನೆಟ್ಟಗಿನ ಕಾರಣ ಹೇಳಲು ನನಗೆ ಆಗಲಿಲ್ಲ. ಆದ್ದರಿಂದ ಅಡಿಕೆಯ ಲೆಕ್ಕ ಬರೆಯುವ ಪುಸ್ತಕದ ಹಿಂಬದಿಯ ಹಾಳೆಗಳಲ್ಲಿ ಗೆರೆ ಎಳೆದು, ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯವರೆಗೆ, ಅಂದರೆ ಮೇ 24ರ ಸುಮಾರಿನವರೆಗೆ, ದಿನಕ್ಕೆ ಹತ್ತು ನಿಮಿಷ ಈ ಲೆಕ್ಕಕ್ಕೆ ಕೊಡುವುದೆಂದು ನಿಶ್ಚಯಿಸಿದೆ.

ಕಲಂಗಳು ಮೂರೇ: ಮೊದಲೇ ಗೊತ್ತಿದ್ದದ್ದು, ಪತ್ರಿಕೆಯಿಂದಲೇ ತಿಳಿದದ್ದು, ತಿಳಿದ ಮೇಲೆ ಏನಾದರೂ ಕೆಲಸಕ್ಕೆ ಬಂದದ್ದು. ರಾಜ್ಯ, ದೇಶ, ಕ್ರಿಕೆಟ್ ಯಾವುದನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ; ಪುತ್ತೂರು ಸೀಮೆಯ ಸುದ್ದಿಯಿರುವ ಎರಡು ಪುಟಗಳು ಮಾತ್ರ. ಖರ್ಚು ತಿಂಗಳಿಗೆ 240 ರೂಪಾಯಿ, ಅದರಲ್ಲಿ 30 ರೂಪಾಯಿ ಮನೆಗೆ ಮುಟ್ಟಿಸುವ ಹುಡುಗನದು. ಹಿಂದಿನ ತಿಂಗಳ ಕಟ್ಟನ್ನು ತೂಗಿ ನೋಡಿದರೆ ಒಂದು ಕಿಲೊ 600 ಗ್ರಾಂ ಇತ್ತು. ರದ್ದಿಗೆ ಹಾಕಿದರೆ ಇಪ್ಪತ್ತು ರೂಪಾಯಿ ಹುಟ್ಟೀತು, ಆದರೆ ಬಾಳೆಗೊನೆ ಸುತ್ತುವುದಕ್ಕೂ ಕಪಾಟಿಗೆ ಹಾಸುವುದಕ್ಕೂ ಮನೆಯಲ್ಲೇ ಖರ್ಚಾಗುವ ವಸ್ತುವಾದ್ದರಿಂದ ಅದನ್ನು ಜಮೆಗೆ ಹಿಡಿದಿಲ್ಲ.

ಡಿಸೆಂಬರ್ ಕೊನೆ

ಆರಂಭದಲ್ಲಿ ಪತ್ರಿಕೆ ಸೋಲುತ್ತಲೇ ಹೋಯಿತು. ಅಡಿಕೆ ಧಾರಣೆಯನ್ನು ನೋಡಲೆಂದೇ ಹಿಂದೆ ನಾವು ಪತ್ರಿಕೆ ಬಿಡಿಸುತ್ತಿದ್ದೆವು. ಈಗ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊದ ದರ ಹೊಸ ಅಡಿಕೆಗೆ ಎಷ್ಟು, ಹಳೆಯ ದಾಸ್ತಾನಾದ ಡಬಲ್ ಚೋಲಿಗೆ ಎಷ್ಟು ಎಂಬುದು ಬೆಳಗಿನ ಹೊತ್ತಿಗೆ ಮೊಬೈಲಿನಲ್ಲಿ ಬೆಳೆಗಾರರ ಮೂರು ಗುಂಪುಗಳಲ್ಲಿ ಬಂದು ಬಿದ್ದಿರುತ್ತದೆ, ಪತ್ರಿಕೆಯಲ್ಲಿರುವುದು ನಿನ್ನೆಯದು. ಈ ಬಾಬ್ತಿನಲ್ಲಿ ಎರಡು ತಿಂಗಳಿಗೆ ಸೊನ್ನೆ.

ಮೆಸ್ಕಾಂ ವಿದ್ಯುತ್ ನಿಲುಗಡೆಯ ವಿಷಯದಲ್ಲಿಯೂ ಹೀಗೆಯೇ ಆಗಬಹುದೆಂದು ಎಣಿಸಿದ್ದೆ. ಆದರೆ ಡಿಸೆಂಬರ್ ಎರಡನೆಯ ವಾರ ಗುಂಪಿನಲ್ಲಿ ಬಂದ ಒಂದು ಸೂಚನೆಯನ್ನು ನಂಬಿ, ಹಗಲಿಡೀ ಕರೆಂಟು ಇರದೆಂದು ತೋಟಕ್ಕೆ ನಸುಕಿನಲ್ಲೇ ಎದ್ದು ನೀರು ಬಿಟ್ಟೆ. ಆ ದಿನ ಕರೆಂಟು ಹೋಗಲೇ ಇಲ್ಲ. ಯಾರೋ ಕಳೆದ ವರ್ಷದ ಸೂಚನೆಯನ್ನು ವಾರದ ಹೆಸರು ಮಾತ್ರ ನೋಡಿ ಮತ್ತೆ ಕಳಿಸಿದ್ದರು. ಪತ್ರಿಕೆಯ ನೆತ್ತಿಯ ಮೇಲೆ ತಾರೀಕು ಅಚ್ಚಾಗಿರುತ್ತದೆ ಎಂಬುದು ಗುಣವೆಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಮೂರನೆಯ ಕಲಂನಲ್ಲಿ ಅದರಿಂದೀಚೆಗೆ ನಾಲ್ಕು ಗೀಟುಗಳು ಬಿದ್ದಿವೆ.

ಜನವರಿ ಕೊನೆ

ಎಂಬತ್ತನಾಲ್ಕು ವರ್ಷದ ನನ್ನ ತಾಯಿ ಪತ್ರಿಕೆಯನ್ನು ಹಿಂದಿನಿಂದ ಓದುತ್ತಾರೆ. ಮೊದಲು ನಿಧನ, ಆಮೇಲೆ ಶ್ರದ್ಧಾಂಜಲಿ, ಆಮೇಲೆ ಇಂದಿನ ಯಕ್ಷಗಾನ. ಕಟೀಲು, ಧರ್ಮಸ್ಥಳ ಮೊದಲಾದ ಮೇಳಗಳು ಆ ದಿನ ಎಲ್ಲಿ ಬಿಡಾರ ಮಾಡಿವೆ, ಯಾರ ಹರಕೆಯ ಆಟ, ಯಾವ ಪ್ರಸಂಗ ಎಂಬ ಆ ಸಣ್ಣ ಅಕ್ಷರದ ಪಟ್ಟಿ ಮೊಬೈಲಿನಲ್ಲಿಯೂ ಸಿಗುತ್ತದೆ, ನಿಜ; ಆದರೆ ಅಲ್ಲಿ ಒಂದೊಂದು ಮೇಳದ್ದು ಒಂದೊಂದು ಕಡೆ, ಇಲ್ಲಿ ಎಲ್ಲವೂ ಒಂದೇ ಅಂಗೈಯಗಲದಲ್ಲಿ. ಈ ತಿಂಗಳು ಆ ಪಟ್ಟಿ ನೋಡಿಯೇ ಎರಡು ಆಟಗಳಿಗೆ ಹೋದೆ. ಎರಡೂ ಕಾಲಮಿತಿಯವು, ನಡುರಾತ್ರಿಗೇ ಮಂಗಳ ಹಾಡಿದ ಆಟದಿಂದ ಮರಳುವಾಗ ಏನೋ ಅರ್ಧ ಉಂಡಂತಿರುತ್ತದೆ, ಅದು ಬೇರೆ ಮಾತು.

ನಿಧನದ ಅಂಕಣದಲ್ಲಿ ನನ್ನ ಹೈಸ್ಕೂಲಿನ ಸಹಪಾಠಿಯೊಬ್ಬನ ಹೆಸರು ಕಂಡಿತು. ಅವನು ಯಾವ ಗುಂಪಿನಲ್ಲಿಯೂ ಇರಲಿಲ್ಲ, ನಮ್ಮಲ್ಲಿ ಯಾರ ಬಳಿಯೂ ಅವನ ನಂಬರಿರಲಿಲ್ಲ. ಉತ್ತರಕ್ರಿಯೆಯ ದಿನಕ್ಕಾದರೂ ನಾಲ್ವರು ಹೋಗಿ ಬಂದೆವು. ಇದಕ್ಕೆ ಒಂದೇ ಗೀಟು ಹಾಕಿದ್ದೇನೆ, ಯಾಕೆಂದರೆ ಒಂದು ಸಂಗತಿಗೆ ಒಂದೇ ಗೀಟೆಂಬುದು ನಿಯಮ.

ಮಾರ್ಚ್ ಮೊದಲ ವಾರ

ಈ ಲೆಕ್ಕದ ಅತಿ ದೊಡ್ಡ ನಮೂದು ಫೆಬ್ರವರಿಯದು. ಒಂದು ಬೆಳಿಗ್ಗೆ ಒಳಪುಟದಲ್ಲಿ ಹೆದ್ದಾರಿ ಅಗಲೀಕರಣದ ಭೂಸ್ವಾಧೀನ ಪ್ರಕಟಣೆ ಬಂದಿತ್ತು: ಗ್ರಾಮ, ಸರ್ವೆ ನಂಬರು, ವಿಸ್ತೀರ್ಣ, ಇರುವೆಯ ಸಾಲಿನಂತಹ ಅಕ್ಷರಗಳು. ಲೆಕ್ಕ ಇಡುವ ಹಟವಿಲ್ಲದಿದ್ದರೆ ಆ ಪುಟವನ್ನು ನಾನು ಖಂಡಿತ ಓದುತ್ತಿರಲಿಲ್ಲ. ಭೂತಗನ್ನಡಿ ಹಿಡಿದು ನೋಡಿದಾಗ ನೆರೆಕರೆಯವರೊಬ್ಬರ ಸರ್ವೆ ನಂಬರು ಕಂಡಿತು, ಜೊತೆಗೆ ಅವರ ಬಾವಿಯಿರುವ ಭಾಗವೂ ಸೇರಿದ್ದಂತೆ ತೋರಿತು. ಆರ್‌ಟಿಸಿ ತೆಗೆದು ಹೋಲಿಸಿದರೆ ಸಂಶಯ ನಿಜವಾಗಿತ್ತು.

1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಕಲಮಿನಂತೆ ಇಂತಹ ಅಧಿಸೂಚನೆಯ ಸಾರಾಂಶವನ್ನು ಎರಡು ಸ್ಥಳೀಯ ಪತ್ರಿಕೆಗಳಲ್ಲಿ, ಅದರಲ್ಲೊಂದು ದೇಶಭಾಷೆಯದು, ಪ್ರಕಟಿಸಲೇಬೇಕು. 3ಸಿ ಕಲಮಿನಂತೆ ಆಕ್ಷೇಪ ಸಲ್ಲಿಸಲು ಇರುವ ಅವಧಿ 21 ದಿನ, ಅದೂ ಗೆಜೆಟಿನಲ್ಲಿ ಪ್ರಕಟವಾದ ದಿನದಿಂದ ಎಣಿಸಿ. ಹಾಗಾಗಿ ಪತ್ರಿಕೆಯಲ್ಲಿ ಕಣ್ಣಿಗೆ ಬೀಳುವ ಹೊತ್ತಿಗೆ ಕೆಲವು ದಿನಗಳು ಆಗಲೇ ಕಳೆದುಹೋಗಿರುತ್ತವೆ. ನಮ್ಮ ಲೆಕ್ಕದಲ್ಲಿ ಉಳಿದದ್ದು ಹನ್ನೆರಡು ದಿನ. ಅವರು ಪುತ್ತೂರಿನ ವಕೀಲರಿಂದ ಆಕ್ಷೇಪ ಬರೆಸಿ ಸಲ್ಲಿಸಿದ್ದಾರೆ. ಫಲವೇನೋ ಇನ್ನೂ ತಿಳಿಯದು. ಅವರು ಪತ್ರಿಕೆ ನಿಲ್ಲಿಸಿ ಮೂರು ವರ್ಷವಾಗಿತ್ತು.

ಇ-ಗೆಜೆಟ್ ಜಾಲತಾಣವನ್ನು ಯಾರು ಬೇಕಾದರೂ ನೋಡಬಹುದೆಂದು ಮಗ ಫೋನಿನಲ್ಲಿ ಹೇಳಿದ. ನೋಡಬಹುದು. ಆದರೆ ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಗೆಜೆಟ್ ಓದುವವರನ್ನು ನಾನು ಈವರೆಗೆ ಕಂಡಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿಯೂ, ಪ್ರತಿವಾದಿಗೆ ನೇರವಾಗಿ ಸಮನ್ಸ್ ಮುಟ್ಟಿಸಲಾಗದೆ ಪತ್ರಿಕಾ ಜಾಹೀರಾತಿಗೆ ನ್ಯಾಯಾಲಯ ಅನುಮತಿಸಿದಾಗ, ಅವನು ಕೊನೆಯದಾಗಿ ವಾಸವಿದ್ದ ಸ್ಥಳದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲೇ ಅದು ಬರಬೇಕೆಂದು 5ನೇ ಆದೇಶದ 20ನೇ ನಿಯಮ ಹೇಳುತ್ತದೆ. ಊರಿನವರು ಊರಿನ ಪತ್ರಿಕೆ ಓದುತ್ತಾರೆಂದು ಕಾನೂನು ನಂಬಿ ಕುಳಿತಿದೆ. ಆ ನಂಬಿಕೆಯನ್ನು ನಾವು ಒಬ್ಬೊಬ್ಬರಾಗಿ ಸುಳ್ಳು ಮಾಡುತ್ತಿದ್ದೇವೆ.

ಏಪ್ರಿಲ್

ಪತ್ರಿಕೆಯ ಪರವಾಗಿ ನಾನು ವಾಲುತ್ತಿದ್ದೇನೆಂಬ ಶಂಕೆ ಬಂದದ್ದರಿಂದ ಒಂದು ವಾರ ಬೇರೆ ಬಗೆಯ ಎಣಿಕೆ ಮಾಡಿದೆ. ಸ್ಥಳೀಯ ಪುಟಗಳ ಪ್ರತಿಯೊಂದು ಸುದ್ದಿಯ ಕೊನೆಯ ವಾಕ್ಯವನ್ನು ಮಾತ್ರ ಓದಿ, "ಎಂದು ಪ್ರಕಟಣೆ ತಿಳಿಸಿದೆ" ಅಥವಾ ಅದರ ಅಣ್ಣತಮ್ಮಂದಿರಲ್ಲಿ ಒಂದು ಇದೆಯೇ ಎಂದು ಗುರುತಿಸಿದೆ. ಏಳು ದಿನಗಳಲ್ಲಿ 96 ಸುದ್ದಿಗಳು. ಅವುಗಳಲ್ಲಿ 61 ಸಂಘ ಸಂಸ್ಥೆಗಳೋ ಇಲಾಖೆಗಳೋ ಬರೆದು ಕೊಟ್ಟದ್ದು. ಉಳಿದವುಗಳಲ್ಲಿ ಹೆಚ್ಚಿನವು ಸನ್ಮಾನ, ಬ್ರಹ್ಮಕಲಶ, ಶಾಲಾ ವಾರ್ಷಿಕೋತ್ಸವಗಳ ವರದಿ. ವರದಿಗಾರರೊಬ್ಬರು ತಾವಾಗಿ ಹೋಗಿ, ಕೇಳಿ, ನೋಡಿ ಬರೆದದ್ದೆಂದು ನಾನು ಒಪ್ಪಬಹುದಾದದ್ದು ಒಂಬತ್ತು. ಇದು ನನಗೆ ಬೇಸರ ತಂದ ಅಂಕಿ.

ಆದರೆ ಆ ಜಾತಿಯ ಸುದ್ದಿ ಏನು ಮಾಡಬಲ್ಲದೆಂಬುದಕ್ಕೆ ಡಿಸೆಂಬರಿನ ಹಾಳೆಯಲ್ಲೇ ಒಂದು ಉದಾಹರಣೆಯಿತ್ತು. ಪಕ್ಕದ ಗ್ರಾಮದಲ್ಲಿ ತೋಡಿಗೆ ಅಡ್ಡಲಾಗಿರುವ ಕಿಂಡಿ ಅಣೆಕಟ್ಟಿಗೆ, ನೀರು ನಿಲ್ಲಿಸಲು ಹಲಗೆ ಜೋಡಿಸುವ ಸಮಯ ಮೀರಿ, ತೋಡಿನ ನೀರೆಲ್ಲ ಹರಿದುಹೋಗುತ್ತಿತ್ತು. ನಾವು ಗುಂಪಿನಲ್ಲಿ ಫೋಟೊ ಹಾಕಿ ಹದಿನೈದು ದಿನ ಬೈದುಕೊಂಡದ್ದಷ್ಟೇ ಬಂತು. ವರದಿಗಾರರು ಬಂದು, ಹಲಗೆಗಳು ಎಲ್ಲಿ ರಾಶಿ ಬಿದ್ದಿವೆ ಎಂಬುದನ್ನೂ ಪತ್ತೆ ಮಾಡಿ, ನಾಲ್ಕು ಕಾಲಂ ಸುದ್ದಿ ಮಾಡಿದ ಮೂರನೆಯ ದಿನ ಹಲಗೆ ಜೋಡಿಸಿದರು. ಮಾರ್ಚಿನವರೆಗೆ ಆ ಸಾಲಿನ ಬಾವಿಗಳಲ್ಲಿ ನೀರು ಇಳಿಯಲಿಲ್ಲ.

ಪುಟಗಳೂ ಕಡಿಮೆಯಾಗುತ್ತಿವೆ. ಕಾಗದದ ಖರ್ಚು ಪತ್ರಿಕೆಗಳಿಗೆ ಭಾರವೆಂಬುದು ಹೊಸ ಮಾತಲ್ಲ. ಆಮದು ಸುದ್ದಿಕಾಗದಕ್ಕೆ 2019ರಲ್ಲಿ ಶೇ 10 ಸುಂಕ ಹೇರಿ 2020ರಲ್ಲಿ ಶೇ 5ಕ್ಕೆ ಇಳಿಸಿದರು, ನಮ್ಮದೇ ಭದ್ರಾವತಿಯ ಕಾಗದ ಕಾರ್ಖಾನೆಯಂತೂ ಉತ್ಪಾದನೆ ನಿಲ್ಲಿಸಿ ವರ್ಷಗಳಾದವು. ಆದರೆ ಕಡಿತವಾಗುವಾಗ ಮೊದಲು ಹೋಗುವುದು ಸಿನಿಮಾ ಪುಟವೋ ತಾಲ್ಲೂಕಿನ ಪುಟವೋ ಎಂಬುದು ಕಾಗದದ ಬೆಲೆಯ ಪ್ರಶ್ನೆಯಲ್ಲ. ನಮ್ಮಲ್ಲಿ ಎರಡಿದ್ದ ತಾಲ್ಲೂಕು ಪುಟ ಈ ತಿಂಗಳಲ್ಲಿ ಐದು ದಿನ ಒಂದೇ ಆಗಿತ್ತು.

ಪತ್ತನಾಜೆ

ಮೇಳಗಳು ಗೆಜ್ಜೆ ಬಿಚ್ಚಿದವು, ನನ್ನ ಪುಸ್ತಕವೂ ಮುಗಿಯಿತು. ಏಳು ತಿಂಗಳಿಗೆ ಕೊಟ್ಟದ್ದು 1,680 ರೂಪಾಯಿ. ಮೂರನೆಯ ಕಲಂನಲ್ಲಿ ಬಿದ್ದ ಗೀಟುಗಳು 24. ಒಂದಕ್ಕೆ 70 ರೂಪಾಯಿ ಬಿದ್ದಂತಾಯಿತು. ಆಟಕ್ಕೆ ಹೋದದ್ದಕ್ಕೂ ನೆರೆಕರೆಯವರ ಬಾವಿಗೂ ಒಂದೇ ಬೆಲೆ ಕಟ್ಟುವ ಈ ಸರಾಸರಿಯನ್ನು ನಾನೇ ಒಪ್ಪುವುದಿಲ್ಲವಾದರೂ, ಮಗ ಕೇಳಿದ್ದು ಅಂಕಿಯಾದ್ದರಿಂದ ಅಂಕಿಯನ್ನೇ ಕಳಿಸಿದೆ. "ಹಾಗಾದರೆ ಇರಲಿ ಅಪ್ಪ" ಎಂದು ಉತ್ತರ ಬಂತು.

ನಿಲ್ಲಿಸಿದ್ದು ಬೇರೆಯದು. ಅವನು ಪಿಯುಸಿ ಓದುವಾಗ ಅವನಿಗೆಂದು ಹಾಕಿಸಿದ್ದ ಇಂಗ್ಲಿಷ್ ಪತ್ರಿಕೆ ಹದಿನಾಲ್ಕು ವರ್ಷಗಳಿಂದ ಬರುತ್ತಲೇ ಇತ್ತು, ಅದನ್ನು ಯಾರು ಓದುತ್ತಿದ್ದೇವೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಜೂನ್ ಒಂದರಿಂದ ಅದು ಬೇಡವೆಂದು ಏಜೆಂಟರಿಗೆ ಹೇಳಿದ್ದೇನೆ. ಊರಿನ ಪತ್ರಿಕೆಯ ಸಂಪಾದಕರಿಗೂ ಒಂದು ಕಾಗದ ಬರೆದೆ: ಬೆಲೆ ಒಂದು ರೂಪಾಯಿ ಏರಿಸಿದರೆ ಅಡ್ಡಿಯಿಲ್ಲ, ತಾಲ್ಲೂಕಿನ ಎರಡನೆಯ ಪುಟವನ್ನು ಮಾತ್ರ ಕಳೆಯಬೇಡಿ. ಮಳೆಗಾಲದಲ್ಲಿ ಆ ಪುಟಗಳ ಎಣಿಕೆಯೊಂದನ್ನೇ ಮುಂದುವರಿಸುತ್ತೇನೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಹೊರಟ ದಿನವಾದ ಜುಲೈ ಒಂದರಿಂದ ಹೊಸ ಪುಸ್ತಕ.